ಸ್ಪೈಡರ್‌ಮ್ಯಾನ್‌ನ ಬಲೆ ಎಲ್ಲಿಂದ ಬರಬೇಕು?

ಪ್ರಶ್ನೆ: ಮಾನ್ಯರೇ, ಸೂಪರ್‌ಹೀರೋ ಸಿನಿಮಾಗಳು ಮೂಲ ಕಾಮಿಕ್ಸ್‌ಗೆ ಎಷ್ಟರಮಟ್ಟಿಗೆ ನಿಷ್ಠವಾಗಿರಬೇಕು? 2002ರ ‘ಸ್ಪೈಡರ್‌ಮ್ಯಾನ್’ ಚಿತ್ರದಲ್ಲಿ ಬಲೆಯ ಎಳೆ ನಾಯಕನ ಮಣಿಕಟ್ಟಿನಿಂದಲೇ ಹೊಮ್ಮುತ್ತದೆ. ಕಾಮಿಕ್ಸ್‌ನಲ್ಲಿ ಅದು ಅವನೇ ತಯಾರಿಸಿಕೊಂಡ ಯಂತ್ರದಿಂದ ಬರುತ್ತದೆ. ಇದು ಮೂಲಕ್ಕೆ ಬಗೆದ ದ್ರೋಹವೆಂದು ನನ್ನ ತಮ್ಮ ವಾದಿಸುತ್ತಾನೆ.
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ತಮ್ಮನ ಆಕ್ಷೇಪದಲ್ಲಿ ಹುರುಳಿದೆ, ದ್ರೋಹವೆಂಬ ಮಾತು ಮಾತ್ರ ಹೆಚ್ಚಾಯಿತು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರೂಪಿಸಿದ ಪೀಟರ್ ಪಾರ್ಕರ್, ಅಂದರೆ ಮುಖವಾಡದ ಹಿಂದಿನ ಸ್ಪೈಡರ್‌ಮ್ಯಾನ್, ಬಡಮನೆಯ, ವಿಜ್ಞಾನದಲ್ಲಿ ಚುರುಕಾದ ಹುಡುಗ. ಆ ಯಂತ್ರ ಅವನ ಬುದ್ಧಿಗೆ ಸಾಕ್ಷಿ, ಕಾದಾಟದ ನಡುವೆ ಅದರ ದ್ರವ ತೀರಿಹೋಗುವುದು ಕಥೆಗೆ ಒದಗುವ ಇಕ್ಕಟ್ಟು. ನಿರ್ದೇಶಕ ಸ್ಯಾಮ್ ರೈಮಿ ಇವೆರಡನ್ನೂ ಕೈಬಿಟ್ಟರು, ನಿಜ. ಆದರೆ 2004ರ ಎರಡನೆಯ ಚಿತ್ರದಲ್ಲಿ ಪೀಟರನ ಮನಸ್ಸು ಕುಗ್ಗಿದಾಗ ಬಲೆಯೂ ಹೊಮ್ಮದೆ ಅವನು ನಡುದಾರಿಯಲ್ಲಿ ಕೆಳಗೆ ಬೀಳುತ್ತಾನಲ್ಲ, ಆ ಸನ್ನಿವೇಶಕ್ಕೆ ದಾರಿ ಮಾಡಿಕೊಟ್ಟದ್ದು ಇದೇ ಬದಲಾವಣೆ. ಮುಂದೆ ಕಾಮಿಕ್ಸ್‌ನವರೂ ಕೆಲಕಾಲ ಅದನ್ನೇ ಅಳವಡಿಸಿಕೊಂಡರು.

ನನ್ನ ತಕರಾರಿರುವುದು 2007ರ ಮೂರನೆಯ ಚಿತ್ರದ ಮೇಲೆ. ತಾನು ಉಡಾಫೆಯಿಂದ ತಪ್ಪಿಸಿಕೊಳ್ಳಲು ಬಿಟ್ಟ ಕಳ್ಳನೇ ತನ್ನನ್ನು ಸಾಕಿದ ಅಂಕಲ್ ಬೆನ್ ಅವರನ್ನು ಕೊಂದನೆಂಬ ಅಳುಕು ಪೀಟರನ ಬದುಕನ್ನೇ ನಡೆಸುವಂಥದು. ಗುಂಡು ಹಾರಿಸಿದವನು ಆ ಕಳ್ಳನಲ್ಲ, ಬೇರೊಬ್ಬ, ಅದೂ ಕೈತಪ್ಪಿ ಹಾರಿದ್ದು ಎಂದು ಆ ಚಿತ್ರ ಹೇಳಿದಾಗ ಅಳುಕಿನ ಬೇರೇ ಸಡಿಲವಾಯಿತು. ಬಲೆಯ ಬಗ್ಗೆ ಜಗಳವಾಡಿದವರು ಇದರ ಬಗ್ಗೆ ಅಷ್ಟು ಜಗಳವಾಡಲಿಲ್ಲವೆಂಬುದು ನನಗೆ ಸೋಜಿಗ.

ಹೊರ ವಿವರ ಬದಲಿಸುವುದಕ್ಕೂ ಪಾತ್ರದ ತಿರುಳನ್ನೇ ಬದಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಜಿಲ್ಲೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಪದ್ಯ ಪ್ರಸಂಗಕರ್ತನದು, ಅರ್ಥ ವೇಷಧಾರಿಯದು. ಹೊನ್ನಾವರದ ಆಟದಲ್ಲಿ ಕೇಳಿದ ಕೌರವನ ಮಾತು ಶಿರಸಿಯ ಆಟದಲ್ಲಿ ಬೇರೆಯಾಗಿದ್ದರೆ ಯಾರೂ ದೂರುವುದಿಲ್ಲ. ಕೌರವ ಛಲ ಬಿಟ್ಟು ಸಂಧಿಗೆ ಒಪ್ಪಿಬಿಟ್ಟರೆ ಮಾತ್ರ ಸಭೆ ಸುಮ್ಮನಿರಲಾರದು.

ಇನ್ನು, ಯಾವುದನ್ನು ಮೂಲವೆನ್ನೋಣ? 1938ರ ಮೊದಲ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ದೂರ ದೂರಕ್ಕೆ ನೆಗೆಯುತ್ತಿದ್ದ. ಅವನನ್ನು ಬಲಗುಂದಿಸುವ ಕ್ರಿಪ್ಟೊನೈಟ್ 1943ರಲ್ಲಿ ರೇಡಿಯೋ ಧಾರಾವಾಹಿಯಲ್ಲಿ ಹುಟ್ಟಿ 1949ರಲ್ಲಿ ಕಾಮಿಕ್ಸ್‌ಗೆ ಬಂತು. ಬ್ಯಾಟ್‌ಮ್ಯಾನ್ ಕಥೆಗಳ ಹಾರ್ಲಿ ಕ್ವಿನ್ ಮೊದಲು ಕಾಣಿಸಿಕೊಂಡದ್ದು 1992ರ ಟಿವಿ ಕಾರ್ಟೂನಿನಲ್ಲಿ.

ಅತಿನಿಷ್ಠೆಯೂ ಕಾಯುವುದಿಲ್ಲ. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ ಕಾಮಿಕ್ಸ್ ಕೃತಿಯ ಎಷ್ಟೋ ಚಿತ್ರಚೌಕಗಳನ್ನು ನಿರ್ದೇಶಕ ಝ್ಯಾಕ್ ಸ್ನೈಡರ್ 2009ರಲ್ಲಿ ಇದ್ದಂತೆಯೇ ತೆರೆಗೆ ಇಳಿಸಿದರು. ಅಂತ್ಯವನ್ನು ಬದಲಿಸಿದರೆಂದು ಅಭಿಮಾನಿಗಳು ಮುನಿದರು, ನನಗೆ ಅದು ಸಣ್ಣ ಮಾತು. ಪುಟದಲ್ಲಿ ಹೇಸಿಗೆ ಹುಟ್ಟಿಸುವ ಹಿಂಸೆ, ತೆರೆಯಲ್ಲಿ ನಿಧಾನಗತಿಯ ಸೊಗಸಾಗಿ ಶಿಳ್ಳೆ ಬೇಡುತ್ತದೆ. ಚಿತ್ರಗಳು ಹೊಂದಿಕೊಂಡವು, ನಿಲುವು ತಿರುಗಿಹೋಯಿತು.

ಪ್ರಶ್ನೆ: ಕಾಮಿಕ್ಸ್‌ನಲ್ಲಿರುವ ಉಡುಪನ್ನು ಸಿನಿಮಾದವರು ಏಕೆ ಬದಲಿಸುತ್ತಾರೆ?
– ಓದುಗರೊಬ್ಬರು, ಕಾರವಾರ

ಉತ್ತರ: ಅಗ್ಗದ ಕಾಗದ, ಕೆಲವೇ ಬಣ್ಣಗಳ ಮುದ್ರಣ ಇದ್ದ ಕಾಲದಲ್ಲಿ ಎದ್ದುಕಾಣಲೆಂದು ಹಚ್ಚಿದ ಹಳದಿ, ಕೆಂಪು, ನೀಲಿಗಳು ನಿಜವಾದ ಬಟ್ಟೆಯಾಗಿ ಕ್ಯಾಮೆರಾದ ಮುಂದೆ ಬಂದರೆ ನಗೆಪಾಟಲಾದೀತೆಂಬ ಅಂಜಿಕೆಯೇ ಮುಖ್ಯ ಕಾರಣವೆಂದು ನನ್ನ ಊಹೆ. 2000ದ ‘ಎಕ್ಸ್-ಮೆನ್’ ಚಿತ್ರದಲ್ಲಿ ನಾಯಕರ ತಂಡಕ್ಕೆಲ್ಲ ಕಪ್ಪು ಚರ್ಮದ ಉಡುಪು ತೊಡಿಸಿದರು. ಅದರಲ್ಲಿ ವೊಲ್ವರಿನ್ ಎಂಬ ನಾಯಕನಾಗಿದ್ದ ಹ್ಯೂ ಜಾಕ್‌ಮನ್ 2024ರ ಚಿತ್ರದಲ್ಲಿ ವೊಲ್ವರಿನ್‌ನ ಹಳದಿ ಉಡುಪು ತೊಟ್ಟು ಬಂದಾಗ ಪ್ರೇಕ್ಷಕರು ಸಂಭ್ರಮಿಸಿದರು. ಉಡುಪಿನ ಮಟ್ಟಿಗೆ ನಾನು ಕಾಮಿಕ್ಸ್ ಪಕ್ಷದವನು.