ಹೇಳಿದರಷ್ಟೇ ಮಾಡುವ ಮಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಬುರಗಿಯ ಈ ತಾಯಿ ಖಾಸಗಿ ಕಚೇರಿಯೊಂದರಲ್ಲಿ ದುಡಿಯುವವರು. ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾನೆ, ಮಗಳು ಎಂಟನೇ ತರಗತಿಯಲ್ಲಿದ್ದಾಳೆ. "ಹೇಳಿದ್ರ ಮಾಡ್ತಾನ್ರೀ, ಒಲ್ಲೆ ಅನ್ನಂಗಿಲ್ಲ. ಹೇಳಲಿಲ್ಲಂದ್ರ ಕೊಡ ಖಾಲಿ ಬಿದ್ದಿದ್ರೂ ದಾಟಿ ಹೋಗ್ತಾನ" ಎಂಬುದು ಅವರ ಅಳಲು. ಅವರೊಡನೆ ಮಾತನಾಡುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ದಿನವೂ ಬಾರದ ನಳದ ನೀರು ಇಂದು ಬರುತ್ತದೆಯೇ, ಜೋಳದ ಹಿಟ್ಟು ಎಷ್ಟು ಉಳಿದಿದೆ, ಸಿಲಿಂಡರ್ ಯಾವಾಗ ಮುಗಿದೀತು ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡವರು ತಾಯಿಯೊಬ್ಬರೇ. ಮಗನ ಪಾಲಿಗೆ ಉಳಿದದ್ದು ಹೇಳಿದ್ದನ್ನು ಮಾಡುವುದು ಮಾತ್ರ.

ಹುಡುಗನೊಡನೆ ಪ್ರತ್ಯೇಕವಾಗಿ ಕುಳಿತಾಗ ಅವನು ಬಹಳ ಹೊತ್ತಿನ ಬಳಿಕ ಒಂದು ಸಂಜೆಯ ವಿಷಯ ಹೇಳಿದ. ಅವ್ವ ಬರುವುದರೊಳಗೆ ತಾನಾಗಿಯೇ ಭಾಂಡೆ ತಿಕ್ಕಿಟ್ಟಿದ್ದ. ಅವರು ಬಂದವರೇ ಬೋಗೋಣಿಯ ತಳಕ್ಕೆ ಬೆರಳಾಡಿಸಿ, ಜಿಡ್ಡು ಹೋಗಿಲ್ಲವೆಂದು ಅವನೆದುರಿಗೇ ಮತ್ತೆ ತಿಕ್ಕಿದರು. "ಆಮ್ಯಾಗ ನಾ ಮುಟ್ಟಿಲ್ರಿ" ಎಂದ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಪ್ರಕಾರ, ಒಳಗಿನಿಂದ ಹುಟ್ಟುವ ಪ್ರೇರಣೆಗೆ ಸ್ವಂತ ನಿರ್ಧಾರದ ಅವಕಾಶ, ತನ್ನಿಂದಾಗುತ್ತದೆಂಬ ನಂಬಿಕೆ ಮತ್ತು ತನ್ನವರೊಂದಿಗಿನ ನಂಟು ಬೇಕು. ಆ ಸಂಜೆ ಪೆಟ್ಟು ಬಿದ್ದದ್ದು ಅವನ ನಂಬಿಕೆಗೆ.

ಆದ್ದರಿಂದ ನಾನು ನೀಡಿದ ಮುಖ್ಯ ಸಲಹೆಯೆಂದರೆ, ಬಿಡಿ ಕೆಲಸಗಳನ್ನು ಹೇಳುವ ಬದಲು ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಅವನಿಗೇ ಒಪ್ಪಿಸುವುದು. ಅವನು ನೀರನ್ನು ಆರಿಸಿಕೊಂಡ. ನಳ ಬರುವ ಹೊತ್ತು ಗಮನಿಸುವುದು, ಮೊದಲ ಕೆಂಪು ನೀರನ್ನು ಬಿಟ್ಟು ಕುಡಿಯುವ ನೀರು ತುಂಬಿಸುವುದು, ಬ್ಯಾರಲ್ ತೊಳೆಯುವುದು, ಮೋಟರ್ ಹಚ್ಚಿ ಆರಿಸುವುದು ಎಲ್ಲವೂ ಅವನ ಹೊಣೆ. ಒಂದೆರಡು ಸಲ ಜೊತೆಗಿದ್ದು ತೋರಿಸಿಕೊಡಬೇಕು, ಆಮೇಲೆ ನೆನಪಿಸಬಾರದು, ಅವನು ಮಾಡಿದ್ದನ್ನು ತಿದ್ದಿ ಮತ್ತೆ ಮಾಡಬಾರದು ಎಂದೆ. ತಾಯಿಗೆ ಅತ್ಯಂತ ಕಷ್ಟವಾದದ್ದು ಈ ಸುಮ್ಮನಿರುವಿಕೆಯೇ.

ಕೆಲಸಕ್ಕಿಷ್ಟು ಎಂದು ದುಡ್ಡು ಕೊಡುವ ಯೋಚನೆ ಅವರಿಗಿತ್ತು, ಬೇಡವೆಂದೆ. ಲೆಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದ ಪುಟ್ಟ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು.

ಮಗಳ ಬಗ್ಗೆ ದೂರೇ ಇರಲಿಲ್ಲ, ಮತ್ತು ನನಗೆ ಹೆಚ್ಚು ಚಿಂತೆಯಾದದ್ದು ಅದರಿಂದಲೇ. ಕಸ ಗುಡಿಸಿ, ರೊಟ್ಟಿ ಬೇಯಿಸಲು ನಿಲ್ಲುವ ಅವಳ ಕೆಲಸ ಯಾರ ಕಣ್ಣಿಗೂ ಕೆಲಸವಾಗಿ ಕಂಡಿರಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಸಂಬಳವಿಲ್ಲದೆ ದುಡಿಯುತ್ತಿದ್ದರು. ಈ ಅಂತರದ ಬೀಜ ಇಂತಹ ಅಡುಗೆಮನೆಗಳಲ್ಲೇ ಬೀಳುತ್ತದೆ. ಹಾಗಾಗಿ ತಂದೆಯನ್ನೂ ಕರೆಸಿ, ರಾತ್ರಿಯ ಭಾಂಡೆಯ ಹೊಣೆಯನ್ನು ಅವರು ಹೊರಬೇಕೆಂದು ಕೇಳಿಕೊಂಡೆ.

ನಡುವೆ ಒಮ್ಮೆ ಹುಡುಗ ನಳ ಬಂದದ್ದನ್ನು ಮರೆತ. ತಾಯಿ ಬೈಯಲಿಲ್ಲ, ನೆರೆಮನೆಯಿಂದ ಎರಡು ಕೊಡ ತಂದವನು ಅವನೇ. ಮುಂದಿನ ಭೇಟಿಯ ವೇಳೆಗೆ ನಳದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಂದೆ ಇನ್ನೂ ವಾರಕ್ಕೆ ಒಂದೆರಡು ದಿನ ಮಾತ್ರ ಭಾಂಡೆ ಮುಟ್ಟುತ್ತಿದ್ದಾರೆ. ಪರೀಕ್ಷೆಯ ತಿಂಗಳಲ್ಲಿ ಏನು ಮಾಡುವುದೆಂದು ತಾಯಿ ಕೇಳಿದಾಗ, ನೀರಿನ ಕೆಲಸವನ್ನು ತಂಗಿಯ ತಲೆಗೆ ಕಟ್ಟದೆ, ಅಪ್ಪನೊಂದಿಗೆ ಮಾತಾಡಿ ಬದಲಿ ವ್ಯವಸ್ಥೆ ಮಾಡಿಕೊಳ್ಳುವ ಹೊಣೆಯನ್ನೂ ಹುಡುಗನಿಗೇ ಬಿಡುವಂತೆ ಹೇಳಿದ್ದೇನೆ.