ಸಿ, ಎ, ಆರ್ ಮೂರೂ ಇರುವ ಐದಕ್ಷರದ ಪದ: ಕಣ್ಣಿನಿಂದ ಅಲ್ಲ, ಕಿವಿಯಿಂದ ಹುಡುಕಿ

ಐದಕ್ಷರದ ಇಂಗ್ಲಿಷ್ ಪದವನ್ನು ಊಹಿಸುವ ವರ್ಡಲ್ ಆಟದಲ್ಲಿ ನೀವು ಮೊದಲು 'ಕ್ರೇನ್' (ಸಿ-ಆರ್-ಎ-ಎನ್-ಇ) ಹಾಕಿದ್ದೀರಿ. ಸಿ, ಆರ್, ಎ ಮೂರೂ ಹಳದಿ ಬಂದಿವೆ. ಎನ್ ಮತ್ತು ಇ ಬೂದು. ಅಂದರೆ ಆ ಮೂರು ಅಕ್ಷರಗಳು ಪದದಲ್ಲಿವೆ, ಆದರೆ ನೀವು ಇಟ್ಟ ಜಾಗದಲ್ಲಿಲ್ಲ. ಅರ್ಧ ಗಂಟೆ ಕೂತರೂ ಮುಂದಿನ ಪದ ಹೊಳೆಯಲಿಲ್ಲ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಆಗದ ಆಟವಾ ಎಂದು ಕೇಳಿದ್ದೀರಿ.

ಖಂಡಿತ ಆಗುತ್ತದೆ. ನಾನೂ ಕನ್ನಡ ಮಾಧ್ಯಮದವಳೇ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಹತ್ತನೇ ತರಗತಿಯ ತನಕ ಗಣಿತ, ವಿಜ್ಞಾನ ಎಲ್ಲವನ್ನೂ ಕನ್ನಡದಲ್ಲೇ ಓದಿದೆ. ಈಗ ರಾತ್ರಿ ಊಟ ಮುಗಿಸಿ ದಿನಾ ಒಂದು ವರ್ಡಲ್ ಆಡುತ್ತೇನೆ. ಆರು ಅವಕಾಶದೊಳಗೆ ಪದ ಸಿಗದ ದಿನ ತುಂಬಾ ಕಡಿಮೆ.

ಕಷ್ಟ ಬರುವುದು ಎಲ್ಲಿ ಎಂದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ನಮ್ಮ ಕಡೆ ಬೋರ್ಡುಗಳಲ್ಲಿ ಊರಿನ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಕಾಣಸಿಗುತ್ತದೆ. ಬಸ್ಸಿನಲ್ಲಿ ಕೂತು ಅಕ್ಷರ ಎಣಿಸುವುದು ನನ್ನ ಆಟವಾಗಿತ್ತು. ಪೆರ್ಲ ಕನ್ನಡದಲ್ಲಿ ಎರಡೇ ಅಕ್ಷರ. ಇಂಗ್ಲಿಷಿನಲ್ಲಿ ಪಿ-ಇ-ಆರ್-ಎಲ್-ಎ, ಐದು. ಬೇಕಲ ನಮಗೆ ಮೂರು, ಅಲ್ಲಿ ಮತ್ತೆ ಐದು. ನಾವು ವ್ಯಂಜನ, ಸ್ವರ, ಒತ್ತು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಂದು ಅಕ್ಷರ ಎನ್ನುತ್ತೇವೆ. ಇಂಗ್ಲಿಷಿನವರು ಒಂದೊಂದನ್ನೂ ಬಿಡಿಸಿ ಇಡುತ್ತಾರೆ. 'ಕ್ರ' ನಮಗೆ ಒಂದು, ಅವರಿಗೆ ಮೂರು. ಹಾಗಾಗಿ ಖಾಲಿ ಐದು ಮನೆ ನೋಡುತ್ತಾ ಸುಮ್ನೆ ಅಕ್ಷರ ತುಂಬಿಸಲು ಹೋದರೆ ತಲೆ ಓಡುವುದಿಲ್ಲ. ಮೊದಲು ದನಿ ಹುಡುಕಿ, ಆಮೇಲೆ ಬಿಡಿಸಿ. ದನಿ ಕೇಳಿ ಒತ್ತಕ್ಷರ ಬರೆಯುವುದನ್ನು ನಾವು ಒಂದನೇ ತರಗತಿಯಿಂದ ಮಾಡಿದವರು, ಅಲ್ವಾ?

ನಿಮ್ಮ ಮೂರು ಅಕ್ಷರಗಳಲ್ಲಿ ಕೀಲಿ ಇರುವುದು ಸಿ ಹತ್ತಿರ. ಅದಕ್ಕೆ ಮುಖ್ಯವಾಗಿ ಮೂರು ದನಿ: ಕ, ಸ, ಚ. ಸಿ ಆದ ಮೇಲೆ ಎ, ಒ, ಯು ಅಥವಾ ವ್ಯಂಜನ ಬಂದರೆ ಹೆಚ್ಚಾಗಿ ಕ. ಇ, ಐ, ವೈ ಬಂದರೆ ಸ. ಎಚ್ ಜೊತೆ ಸೇರಿದರೆ ಹೆಚ್ಚಿನ ಕಡೆ ಚ. ಈ ಮೂರು ಬಾಗಿಲನ್ನು ಒಂದೊಂದಾಗಿ ತಟ್ಟಿ.

'ಚ' ಎಂದುಕೊಂಡರೆ ಚೇರ್, ಚಾರ್ಟ್, ಚಾರ್ಮ್, ಮಾರ್ಚ್, ರೀಚ್, ರಾಂಚ್ ಬರುತ್ತವೆ. 'ಸ' ಎಂದುಕೊಂಡರೆ ಗ್ರೇಸ್, ಟ್ರೇಸ್, ಫಾರ್ಸ್, ಸೀಡರ್, ಸಿಗಾರ್. 'ಕ' ಬಾಗಿಲು ಎಲ್ಲಕ್ಕಿಂತ ದೊಡ್ಡದು. ಕ್ರಾಫ್ಟ್, ಕ್ರೀಮ್, ಕ್ಯಾರಿ, ಕಾರ್ಗೋ, ಕೋಬ್ರಾ, ಸ್ಕಾರ್ಫ್, ಸ್ಕೇರ್, ಟ್ರ್ಯಾಕ್, ಆಕ್ಟರ್. 'ಸರ್ಕ' ಎಂಬ ಪದದಲ್ಲಂತೂ ಎರಡು ಸಿ ಇವೆ, ಒಂದು ಸ, ಇನ್ನೊಂದು ಕ. ಸುಮಾರು ಎಂದು ಅದರ ಅರ್ಥ, ಇಸವಿಗೆ ಮೊದಲು ಬರೆಯುತ್ತಾರೆ.

'ಕ' ದನಿಯಲ್ಲಿ ಒಂದು ಮೋಸವಿದೆ. ಶಾರ್ಕ್, ಸ್ಪಾರ್ಕ್, ಬ್ರೇಕ್ ಎಲ್ಲ ತಟ್ಟನೆ ನಾಲಿಗೆಗೆ ಬರುತ್ತವೆ, ಆದರೆ ಅವುಗಳಲ್ಲಿ ಸಿ ಇಲ್ಲ, ಬರೀ ಕೆ. ಇಂಥ ಸಣ್ಣ ಪದಗಳ ಕೊನೆಯ 'ಕ್' ಹಿಂದೆ ಗಿಡ್ಡ ಸ್ವರ ಇದ್ದರೆ ಸಾಮಾನ್ಯವಾಗಿ ಸಿ-ಕೆ ಜೋಡಿ ಬರುತ್ತದೆ, ಟ್ರ್ಯಾಕ್‌ನಲ್ಲಿ ಬಂದ ಹಾಗೆ. ಆರ್ ಅಥವಾ ಉದ್ದ ಸ್ವರ ಇದ್ದರೆ ಹೆಚ್ಚಾಗಿ ಕೆ ಒಂದೇ.

ಈ ಮೂರೂ ಅಕ್ಷರ ಇರುವ ಎರಡು ಪದಗಳನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ ಕೇಳಿರುತ್ತೀರಿ. 1916ರಲ್ಲಿ ಆಗಿನ ಮದರಾಸು ಸರ್ಕಾರ ತೆಂಗಿನ ಸಂಶೋಧನೆಗೆಂದು ಶುರು ಮಾಡಿದ ಕೇಂದ್ರ ಅದು. ಈಗ ಅಲ್ಲಿ ಅಡಿಕೆ, ಕೊಕ್ಕೋ ಕೆಲಸವೂ ನಡೆಯುತ್ತದೆ. ಅಪ್ಪನಿಗೆ ಅಡಿಕೆ ತೋಟ. ಒಮ್ಮೆ ಅವರ ಜೊತೆ ಅಲ್ಲಿಗೆ ಹೋಗಿದ್ದಾಗ ಅಡಿಕೆಯ ವೈಜ್ಞಾನಿಕ ಹೆಸರನ್ನು ಮೊದಲ ಸಲ ಓದಿದೆ. ಅದರ ಮೊದಲ ಪದ ಎ-ಆರ್-ಇ-ಸಿ-ಎ. 'ಅರೆಕ' ಎಂದು ಓದಿದೆ. ಅದು 'ಅರೀಕ' ಎಂದು ಆಮೇಲೆ ತಿಳಿಯಿತು. ಮಲಯಾಳದ ಅಡಕ್ಕ, ನಮ್ಮ ಅಡಿಕೆ, ಎರಡೂ ಒಂದೇ ಬೇರಿನವು. ಅದೇ ಮಾತು ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಅರೀಕ ಆಗಿದೆ. ಕೊಬ್ಬರಿಯದ್ದೂ ಅದೇ ಕಥೆ. ಮಲಯಾಳದ ಕೊಪ್ಪರ ಪೋರ್ಚುಗೀಸರ ಮೂಲಕ ಸಿ-ಒ-ಪಿ-ಆರ್-ಎ, ಕೊಪ್ರ ಆಯಿತು. ಎರಡರಲ್ಲೂ ನಿಮ್ಮ ಸಿ, ಎ, ಆರ್ ಇವೆ. ಎರಡೂ ಐದಕ್ಷರ. ಎರಡೂ ನಮ್ಮ ಅಂಗಳದಲ್ಲಿ ಒಣಗುವ ವಸ್ತುಗಳು! ಅಡಿಕೆ ಜೊತೆ ತಿನ್ನುವ ವೀಳ್ಯದೆಲೆಯ ಹೆಸರು ಬೀಟಲ್ ಕೂಡ ಮಲಯಾಳದ ವೆಟ್ಟಿಲದಿಂದ ಹೋದದ್ದು, ಅದಕ್ಕೂ ಐದೇ ಅಕ್ಷರ. ಇದು ಗೊತ್ತಾದ ದಿನ ನಾನು ಅಡಿಕೆ ಸುಲಿಯುತ್ತಾ ಕೂತಿದ್ದ ಅಪ್ಪನಿಗೆ ಹೇಳಿದ್ದೆ. ಅವರು ಕೈಯಲ್ಲಿದ್ದ ಅಡಿಕೆಯನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು.

ಈಗ ನಿಮ್ಮ ಇವತ್ತಿನ ಆಟಕ್ಕೆ ಬರೋಣ. ಸಿ ಮೊದಲ ಜಾಗದಲ್ಲಿಲ್ಲ, ಆರ್ ಎರಡರಲ್ಲಿಲ್ಲ, ಎ ಮೂರರಲ್ಲಿಲ್ಲ, ಎನ್ ಮತ್ತು ಇ ಇಲ್ಲವೇ ಇಲ್ಲ. ಹಾಗಾಗಿ ಅರೀಕ, ಕೊಪ್ರ ಎರಡೂ ಬಿದ್ದು ಹೋದವು. ಮೊದಲನೆಯದರಲ್ಲಿ ಇ ಇದೆ, ಎರಡನೆಯದು ಸಿಯಿಂದಲೇ ಶುರು. ಇ ಹೋದ ಕಾರಣ 'ಸ' ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಯಾಕೆಂದರೆ ಆ ದನಿಗೆ ಸಿ ಆದ ಮೇಲೆ ಜಾಸ್ತಿ ಬರುವುದೇ ಇ.

ಉಳಿದದ್ದು ಎರಡು. 'ಚ' ದನಿಗೆ ಮಾರ್ಚ್, ಪಾರ್ಚ್, ಲಾರ್ಚ್. ಪಾರ್ಚ್ ಎಂದರೆ ಬಿಸಿಲಿಗೆ ಒಣಗಿಸುವುದು, ಲಾರ್ಚ್ ಒಂದು ಜಾತಿಯ ಮರ. ಮೂರರಲ್ಲೂ ನಮ್ಮ ಅರ್ಕಾವೊತ್ತಿನ 'ರ್ಚ' ಕೂತಿರುವುದನ್ನು ನೋಡಿ. 'ಕ' ದನಿಗೆ ಆಕ್ಟರ್, ಆಕ್ರಿಡ್, ಮ್ಯಾಕ್ರೋ, ವಿಕರ್, ಸ್ಕ್ರ್ಯಾಪ್, ಸ್ಕ್ರ್ಯಾಮ್. ಆಕ್ರಿಡ್ ಎಂದರೆ ಕಣ್ಣು ಮೂಗು ಉರಿಸುವಂಥ ಘಾಟು. ವಿಕರ್ ಚರ್ಚಿನ ಪಾದ್ರಿ.

ನಾನಾಗಿದ್ದರೆ ಈಗ ಮಾರ್ಚ್ ಹಾಕುತ್ತಿದ್ದೆ. ಎಚ್ ಬೂದು ಬಂದರೆ ಮೇಲೆ ಹೇಳಿದ 'ಚ' ಪದಗಳೆಲ್ಲ ಒಟ್ಟಿಗೆ ಹೋಗುತ್ತವೆ. ಎಚ್ ಬೂದಾಗಿ, ಆರ್ ಮೂರನೇ ಜಾಗದಲ್ಲಿ ಹಸಿರಾದರೆ, ಅಂದರೆ ಅದು ಸರಿಯಾದ ಜಾಗದಲ್ಲೇ ಇದ್ದರೆ, ಸ್ಕ್ರ್ಯಾಪ್, ಸ್ಕ್ರ್ಯಾಮ್, ಆಕ್ರಿಡ್ ಕಡೆ ಹೋಗಿ. ಆಗ ಎಂ ಕೂಡ ಹಳದಿ ಬಂದರೆ ಅದು ಸ್ಕ್ರ್ಯಾಮ್. ಎಂ ಮತ್ತು ಎ ಹಸಿರಾಗಿ ಎಚ್ ಬೂದಾದರೆ ಮ್ಯಾಕ್ರೋ. ಸಿ, ಎ, ಆರ್ ಮೂರೂ ಮತ್ತೆ ಹಳದಿಯೇ ಬಂದು ಎಂ, ಎಚ್ ಬೂದಾದರೆ ಆಕ್ಟರ್ ಅಥವಾ ವಿಕರ್. ನಾನು ಆಕ್ಟರ್ ಮೊದಲು ಹಾಕುತ್ತೇನೆ, ದಿನಬಳಕೆಯ ಪದ ಅದು. ಏನು ಬಂತು ಎಂದು ಬಂದು ಹೇಳಿ, ಕಾಯುತ್ತಿರುತ್ತೇನೆ.