ತಂಡ ಗೆದ್ದರೂ ನನ್ನ ಬೆಟ್ ಯಾಕೆ ಸೋಲುತ್ತಿದೆ?

ನೀವು ಸೀಡ್ (ಟೂರ್ನಿಯಲ್ಲಿ ತಂಡಕ್ಕೆ ಕೊಟ್ಟ ಶ್ರೇಯಾಂಕ) ನೋಡಿ ಸ್ಪ್ರೆಡ್ (ಬೆಟ್ಟಿಂಗ್‌ನವರು ಇಟ್ಟ ಗೆಲುವಿನ ಅಂತರ) ಮೇಲೆ ದುಡ್ಡು ಹಾಕುತ್ತಿದ್ದೀರಿ ಅನಿಸುತ್ತದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಮಾರ್ಚ್ ಮ್ಯಾಡ್‌ನೆಸ್‌ನಲ್ಲಿ ಒಂದನೇ ಸೀಡ್ ತಂಡ ಗೆದ್ದರೂ ಬೆಟ್ ಹೋಗುವುದು ಸಾಮಾನ್ಯವಾಗಿ ಇದಕ್ಕೇ. ಸ್ಪ್ರೆಡ್ 12.5 ಇದ್ದರೆ ತಂಡ 13 ಪಾಯಿಂಟ್ ಅಂತರದಲ್ಲಾದರೂ ಗೆಲ್ಲಬೇಕು. 10ರಲ್ಲಿ ಗೆದ್ದರೆ ದುಡ್ಡು ಹೋಯಿತು.

ಮೊದಲು ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂಕಿಅಂಶಗಳ ವೆಬ್‌ಸೈಟ್ ಕೆನ್‌ಪಾಮ್ ತೆರೆಯಿರಿ. 100 ಪೊಸೆಷನ್‌ಗೆ (ಚೆಂಡು ಕೈಗೆ ಸಿಕ್ಕ ಸರದಿಗೆ) ತಂಡ ಎಷ್ಟು ಪಾಯಿಂಟ್ ಗಳಿಸುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ನೋಡಿ. ಎದುರಾಳಿಯ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಂಕಿ ಅದು. ಆಮೇಲೆ ತವರಿನ ಪಂದ್ಯಗಳನ್ನು ಬಿಟ್ಟು ಉಳಿದವನ್ನಷ್ಟೇ ಬೇರೆಯಾಗಿ ನೋಡಿ. ಟೂರ್ನಿಯಲ್ಲಿ ತವರಿನ ಅಂಗಳ ಸಿಗಲ್ಲ ಅಲ್ವಾ? ನಂತರ ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು) ಮತ್ತು ತ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್) ನೋಡಿ. 2023ರಲ್ಲಿ ಪರ್ಡ್ಯೂ 23.5 ಪಾಯಿಂಟ್‌ಗಳ ಫೇವರಿಟ್ ಆಗಿತ್ತು. 26 ತ್ರೀಗಳಲ್ಲಿ 5 ಮಾತ್ರ ಬಿದ್ದವು. 16ನೇ ಸೀಡ್ ಫೇರ್ಲೀ ಡಿಕಿನ್ಸನ್ ಎದುರು 63-58ರಲ್ಲಿ ಸೋತಿತು. ಪರ್ಡ್ಯೂ ತಂಡದಲ್ಲಿ ಏಳಡಿ ನಾಲ್ಕಂಗುಲದ ಜ್ಯಾಕ್ ಈಡಿ ಇದ್ದರೂ!

ಒಂದೇ ಪಂದ್ಯದ ನಾಕೌಟ್, ಇಷ್ಟೆಲ್ಲ ನೋಡಿದರೂ ಲೆಕ್ಕ ತಪ್ಪಬಹುದು. ಅದಕ್ಕೇ ದರ ಮುಖ್ಯ. ಮೈನಸ್ 110 ಅಂದರೆ 100 ಗೆಲ್ಲಲು 110 ಕಟ್ಟಬೇಕು. ನೂರರಲ್ಲಿ 53 ಸಲವಾದರೂ ಸರಿಯಾಗದಿದ್ದರೆ ನಷ್ಟವೇ. ನಿಮ್ಮ ಅಂದಾಜು ಸ್ಪ್ರೆಡ್‌ಗಿಂತ ಒಂದೆರಡು ಪಾಯಿಂಟ್ ಮಾತ್ರ ಜಾಸ್ತಿ ಇದ್ದರೆ ಸುಮ್ನೆ ಆ ಪಂದ್ಯ ಬಿಟ್ಟುಬಿಡಿ.